ಬೆಂಗಳೂರು ಹೂ ಬಿಡುವ ಕಾಲ

ಫೆಬ್ರುವರಿಯ ಭಾನುವಾರ, ಬೆಳಗಿನ ಏಳೂವರೆ. ಜಯನಗರದಲ್ಲೋ ಇಂದಿರಾನಗರದಲ್ಲೋ ಒಂದು ಅಡ್ಡರಸ್ತೆ. ರಾತ್ರಿಯಿಡೀ ಉದುರಿದ ಗುಲಾಬಿ ಬಣ್ಣದ ಹೂ ಡಾಂಬರು ಕಾಣದಷ್ಟು ಹರಡಿದೆ. ನಿಂತ ಕಾರುಗಳ ಗಾಜಿನ ಮೇಲೆ, ಬಾಗಿಲ ಮುಂದಿನ ರಂಗೋಲಿಯ ಮೇಲೆ, ಹಾಲಿನ ಬೂತಿನ ಮಾಡಿನ ಮೇಲೆ ಎಲ್ಲೆಲ್ಲೂ ಹೂವೇ. ಸ್ಕೂಟರಿನಲ್ಲಿ ಹೊರಟಿದ್ದ ಅಪ್ಪ ಪಕ್ಕಕ್ಕೆ ನಿಲ್ಲಿಸುತ್ತಾನೆ. ಮುಂದೆ ನಿಂತಿದ್ದ ಮಗಳು ಇಳಿದವಳೇ ಹೂ ಆರಿಸತೊಡಗುತ್ತಾಳೆ, ಹಿಂದೆ ಕೂತಿದ್ದ ಅಮ್ಮ ಫೋನು ತೆಗೆಯುತ್ತಾಳೆ. ವಾಕಿಂಗ್‌ಗೆ ಬಂದ ಅಜ್ಜಿಯೊಬ್ಬರೂ ನಿಲ್ಲುತ್ತಾರೆ. "ಇದು ಯಾವ ಮರ ಅಜ್ಜಿ?" "ಗೊತ್ತಿಲ್ಲ ಪುಟ್ಟಿ, ನಾವು ಚಿಕ್ಕವರಿದ್ದಾಗ ಈ ಬೀದೀಲಿ ಇದು ಇರ್ಲಿಲ್ಲ." ರಸ್ತೆ ಗುಡಿಸುವ ಪೌರಕಾರ್ಮಿಕರು ಮಾತ್ರ ಪೊರಕೆ ಕೆಳಗಿಟ್ಟಿಲ್ಲ. ಅವರು ಗುಡ್ಡೆ ಮಾಡಿ ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದೆ ಇನ್ನಷ್ಟು ಉದುರಿರುತ್ತದೆ.

ಮಕರ ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗಿನ ಈ ಎರಡು ತಿಂಗಳು ಬೆಂಗಳೂರಿನ ರಸ್ತೆಗಳಿಗೆ ವರ್ಷದ ಬೇರೆ ಯಾವ ಹೊತ್ತಿನಲ್ಲೂ ಇಲ್ಲದ ಬಣ್ಣ. ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಬೇರೆ ಊರಿನ ನೆಂಟರು "ನಿಮ್ಮಲ್ಲಿ ಹೂ ಬಿಟ್ಟಿದೆಯಂತೆ" ಎಂದು ಫೋನು ಮಾಡುತ್ತಾರೆ. ಆದರೆ ಎಲೆಯೇ ಇಲ್ಲದ ಮರ ಅಷ್ಟೊಂದು ಹೂ ಬಿಡುವುದು ಹೇಗೆ, ಇದನ್ನು ಇಲ್ಲಿ ನೆಟ್ಟವರು ಯಾರು, ಇದರ ಪಕ್ಕದಲ್ಲೇ ಸದ್ದಿಲ್ಲದೆ ಅರಳುವ ನಮ್ಮ ಹಳೆಯ ಮರಗಳು ಯಾವುವು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. ಆ ಉತ್ತರಗಳು ಗೊತ್ತಿದ್ದು ನೋಡಿದಾಗ ಈ ಹೂವು ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇದು ಚೆರ್ರಿ ಅಲ್ಲ

ಬೆಂಗಳೂರಿನ ಗುಲಾಬಿ ಮರವನ್ನು ಅನೇಕರು ಜಪಾನಿನ ಚೆರ್ರಿ ಎಂದೇ ತಿಳಿದಿದ್ದಾರೆ. ಎರಡಕ್ಕೂ ನಂಟಿಲ್ಲ. ಚೆರ್ರಿ ಗುಲಾಬಿ, ಸೇಬುಗಳ ಕುಟುಂಬಕ್ಕೆ ಸೇರಿದ್ದು, ಚಳಿ ನಾಡಿನ ಮರ. ನಮ್ಮ ರಸ್ತೆಯದು ಟಬೆಬುಯಾ. ಇದು ಜಕರಂಡಾ ಮತ್ತು ಆಕಾಶಮಲ್ಲಿಗೆಗಳ ಬಳಗ, ಬಿಸಿಲು ನಾಡಿನ ಮರ. ಗುಲಾಬಿ ಟಬೆಬುಯಾದ ತವರು ಮೆಕ್ಸಿಕೊದಿಂದ ಈಕ್ವೆಡಾರ್‌ವರೆಗಿನ ಸೀಮೆ. ಎಲ್ ಸಾಲ್ವಡಾರ್‌ಗೆ ಅದು ರಾಷ್ಟ್ರವೃಕ್ಷ.

ನಾವು ಒಂದೇ ಹೆಸರಿನಲ್ಲಿ ಕರೆಯುವ ಈ ಮರಗಳಲ್ಲಿ ಮುಖ್ಯವಾಗಿ ಮೂರು ಬಗೆ ಬೆಂಗಳೂರಿನಲ್ಲಿವೆ. ಡಿಸೆಂಬರ್, ಜನವರಿಯಲ್ಲೇ ಕಡುಗುಲಾಬಿ ಹೂ ಹೊರುವುದು ಒಂದು. ಅದರ ಬೆನ್ನಿಗೆ ತಿಳಿಗುಲಾಬಿಯದು. ಫೆಬ್ರುವರಿ ಮುಗಿಯುತ್ತ ಬಂದಂತೆ ಅರಿಸಿನ ಹಳದಿ. ಹಳದಿಯದನ್ನು ಹೂವಿಲ್ಲದ ಕಾಲದಲ್ಲೂ ಗುರುತು ಹಿಡಿಯಬಹುದು: ತೊಗಟೆ ಬಿರುಕು ಬಿಟ್ಟು ಬೆಂಡಿನಂತಿರುತ್ತದೆ, ಎಲೆಯ ಮೇಲೆ ಬೆಳ್ಳಿಯ ಹೊಳಪು ಇರುತ್ತದೆ. ಒಂದೇ ಜಾತಿಯ ಎರಡು ಮರ ಪಕ್ಕಪಕ್ಕ ನಿಂತಿದ್ದರೂ ಒಂದು ಈ ವಾರ, ಇನ್ನೊಂದು ಮುಂದಿನ ವಾರ ಹೂ ಬಿಡುವುದು ಉಂಟು. ಹಾಗಾಗಿ "ಈ ತಾರೀಖಿಗೆ ಹೋಗಿ" ಎಂದು ಯಾರೂ ಖಚಿತವಾಗಿ ಹೇಳಲಾರರು.

ಮಕ್ಕಳೊಂದಿಗೆ ಹೋದಾಗ ನೆಲದ ಮೇಲಿನ ಒಂದು ಹೂ ಎತ್ತಿಕೊಳ್ಳಿ. ಬೆರಳುದ್ದದ ಕೊಳವೆ, ಬಾಯಿಯಲ್ಲಿ ಐದು ಸುಕ್ಕುಸುಕ್ಕು ಎಸಳು, ಗಂಟಲಿನಲ್ಲಿ ಹಳದಿ. ಜೇನ್ನೊಣಕ್ಕೆ ಒಳಗಿನ ದಾರಿ ತೋರಿಸುವುದು ಆ ಹಳದಿಯೇ. ಕೊಳವೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೋಡೆಗೆ ಅಂಟಿಕೊಂಡ ನಾಲ್ಕು ಕೇಸರಗಳು ಸಿಗುತ್ತವೆ, ಎರಡು ಉದ್ದ, ಎರಡು ಗಿಡ್ಡ. ಆದರೆ ಕಾಯಿ ಕಟ್ಟುವ ಭಾಗ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದು ಮೇಲೆ ಕೊಂಬೆಯಲ್ಲೇ ಉಳಿದಿದೆ. ಹೂವು ತನ್ನ ಕೆಲಸ ಮುಗಿಸಿ ಬಣ್ಣದ ಅಂಗಿಯನ್ನಷ್ಟೇ ಕಳಚಿದೆ. ಗಾಳಿಗೆ ನಿಧಾನವಾಗಿ ತಿರುಗುತ್ತ ಬೀಳುವ ಹೂ ಇಡಿಯಾಗಿ, ಬಾಡದೆ ನೆಲ ಸೇರುವುದು ಇದೇ ಕಾರಣಕ್ಕೆ. ಚಿತ್ರಕ್ಕಾಗಿ ಕೊಂಬೆ ಅಲ್ಲಾಡಿಸಿ ಹೂ ಉದುರಿಸುವವರನ್ನು ಕಂಡಾಗ ಬೇಸರವಾಗುವುದೂ ಇದೇ ಕಾರಣಕ್ಕೆ. ಅಲ್ಲಾಡಿಸಿ ಬೀಳಿಸಿದ್ದರಲ್ಲಿ ಕೆಲಸ ಮುಗಿಯದ ಹೂಗಳೂ, ಅರಳದ ಮೊಗ್ಗುಗಳೂ ಸೇರಿರುತ್ತವೆ.

ಎಲೆ ಉದುರಿದ ಮೇಲೆ

ಬೇಸಿಗೆಯ ಬಾಗಿಲಲ್ಲಿ, ನೆಲದಲ್ಲಿ ತೇವವೇ ಇಲ್ಲದಾಗ ಮರ ಇಷ್ಟು ಹೂ ಹೊರುವುದು ಮೇಲುನೋಟಕ್ಕೆ ವಿಚಿತ್ರ. ಇದರ ಒಳಗುಟ್ಟು ನೀರಿನ ಲೆಕ್ಕದಲ್ಲಿದೆ.

ಹಿಂಗಾರು ಮುಗಿದ ಮೇಲೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಹೇಳಿಕೊಳ್ಳುವಂಥ ಮಳೆಯಿಲ್ಲ. ಮೇಲ್ಮಣ್ಣು ಒಣಗುತ್ತದೆ. ಎಲೆಗಳು ಮಾತ್ರ ಹಗಲಿಡೀ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಬರುವುದಕ್ಕಿಂತ ಹೋಗುವುದು ಹೆಚ್ಚಾದಾಗ ಮರ ಎಲೆಗಳನ್ನೇ ಕೈಬಿಡುತ್ತದೆ. ಎಲೆ ಹೋದೊಡನೆ ನೀರು ಸೋರುವ ದಾರಿ ಮುಚ್ಚುತ್ತದೆ. ಕಾಂಡದಲ್ಲಿ ಉಳಿದದ್ದು, ಆಳದ ಬೇರು ಎಳೆದು ತಂದದ್ದು ಸೇರಿ ಕೊಂಬೆಗಳಲ್ಲಿ ಮತ್ತೆ ನೀರು ತುಂಬುತ್ತದೆ. ಆ ತುಂಬಿದ ಒತ್ತಡಕ್ಕೆ, ಮೊದಲೇ ಸಿದ್ಧವಾಗಿ ಕಾಯುತ್ತಿದ್ದ ಮೊಗ್ಗುಗಳು ಉಬ್ಬಿ ಅರಳುತ್ತವೆ. ಮಧ್ಯ ಅಮೆರಿಕದ ಕೋಸ್ಟರಿಕಾದ ಒಣ ಕಾಡುಗಳಲ್ಲಿ ರೋಲ್ಫ್ ಬೋರ್ಚರ್ಟ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಮರಗಳ ಒಳನೀರನ್ನು ಅಳೆದು ಈ ಸಂಬಂಧವನ್ನು ತೋರಿಸಿದರು. ನಡುವೆ ಒಂದು ಅಕಾಲ ಮಳೆ ಬಿದ್ದರೂ ಕೆಲವು ಮರಗಳು ಕೆಲವೇ ದಿನಗಳಲ್ಲಿ ಮೈತುಂಬ ಅರಳುವುದು ಇದೇ ಲೆಕ್ಕದಿಂದ.

ಎಲ್ಲ ಹೂವನ್ನೂ ಒಟ್ಟಿಗೇ ಬಿಡುವುದರಲ್ಲೂ ಜಾಣತನವಿದೆ. ಎಲೆಯ ಮರೆಯಿಲ್ಲದ ಮರ ದೂರದ ಜೇನಿಗೂ ಕಾಣುತ್ತದೆ. ವಾರದೊಳಗೆ ಮುಗಿದುಹೋಗುವ ಈ ಔತಣಕ್ಕೆ ಸುತ್ತಲಿನ ದುಂಬಿಗಳೆಲ್ಲ ಮುಗಿಬೀಳುತ್ತವೆ. ಹೀಗೆ ಒಮ್ಮೆಗೇ ಸಿಡಿದಂತೆ ಅರಳುವ ರೀತಿಗೆ 1974ರಲ್ಲಿ ಸಸ್ಯವಿಜ್ಞಾನಿ ಅಲ್ವಿನ್ ಜೆಂಟ್ರಿ ಮಹಾಸ್ಫೋಟದ ಹೆಸರನ್ನೇ ಕೊಟ್ಟರು. ಹೂವಿನ ಹಿಂದೆಯೇ ಉದ್ದನೆಯ ಕಾಯಿ ಬರುತ್ತದೆ. ಬಿಸಿಲಿಗೆ ಅದು ಒಡೆದಾಗ ತೆಳ್ಳನೆಯ ರೆಕ್ಕೆಯಿರುವ ಬೀಜಗಳು ಗಾಳಿಯಲ್ಲಿ ಹಾರುತ್ತವೆ. ಅವು ನೆಲ ಸೇರುವ ಹೊತ್ತಿಗೆ ಮುಂಗಾರಿನ ಮೊದಲ ಹನಿ ದೂರವಿರುವುದಿಲ್ಲ.

ಹೂ ಬಿಟ್ಟ ಮರದ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಇನ್ನೊಂದು ನಾಟಕವೂ ಕಾಣುತ್ತದೆ. ದಪ್ಪನೆಯ ಕಪ್ಪು ದುಂಬಿ ಹೂವಿನ ಬಾಯಿಗೆ ಹೋಗುವ ಗೋಜಿಗೇ ಹೋಗದೆ ಕೊಳವೆಯ ಬುಡಕ್ಕೆ ತೂತು ಕೊರೆದು ಮಕರಂದ ಹೀರುತ್ತದೆ. ಪರಾಗದ ಋಣ ತೀರಿಸದೆ ಊಟ ಮಾಡಿ ಹೋಗುವ ಕಳ್ಳ ಅದು. ಉದುರಿದ ಹೂಗಳ ಬುಡದಲ್ಲಿ ಆ ಸೀಳು ಹುಡುಕುವುದು ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸ.

ನೆಟ್ಟ ಕೈಗಳು

ಈ ಬಣ್ಣವೆಲ್ಲ ತಾನಾಗಿ ಬಂದದ್ದಲ್ಲ. ಬೆಂಗಳೂರಿನ ಬೀದಿಯ ವಸಂತ ಮನುಷ್ಯರು ಕೂತು ಯೋಚಿಸಿ, ಕೈಯಾರೆ ನೆಟ್ಟ ವಸಂತ.

1760ರಲ್ಲಿ ಹೈದರಾಲಿ ಲಾಲ್‌ಬಾಗ್ ತೋಟಕ್ಕೆ ಅಡಿಗಲ್ಲು ಹಾಕಿದಾಗಿನಿಂದಲೇ ಹೊರನಾಡಿನ ಗಿಡಗಳು ಈ ಊರಿಗೆ ಬರತೊಡಗಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮೆರಾನ್ ಲೋಕದ ಮೂಲೆಮೂಲೆಯ ಸಸಿ ತರಿಸಿ ಪರೀಕ್ಷಿಸಿದರು. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಯನ್ನು ಇಲ್ಲಿಗೆ ತಂದ ಕೀರ್ತಿಯೂ ಅವರಿಗೇ ಸಲ್ಲುತ್ತದೆ.

ಆದರೆ ಊರಿನ ರಸ್ತೆಗಳಿಗೆ ಹೂವಿನ ಪಂಚಾಂಗ ಬರೆದವರು ಗುಸ್ತಾವ್ ಹರ್ಮನ್ ಕೃಂಬಿಗಲ್. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾದ ಗಾಯಕವಾಡರ ತೋಟಗಳಿಗೆ ಬಂದವರು. 1908ರಲ್ಲಿ ಮೈಸೂರು ಸಂಸ್ಥಾನದ ಕರೆಯ ಮೇರೆಗೆ ಲಾಲ್‌ಬಾಗಿಗೆ ಬಂದು 1932ರವರೆಗೆ ಇಲ್ಲಿಯ ತೋಟಗಳ ಹೊಣೆ ಹೊತ್ತರು. ಎಲ್ಲ ರಸ್ತೆಗೂ ಒಂದೇ ಮರ ಬೇಡ. ಒಂದು ಮುಗಿಯುವಾಗ ಇನ್ನೊಂದು ಅರಳುವಂತೆ ಜಾತಿಗಳನ್ನು ಆರಿಸಿದರೆ ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ಬೀದಿ ಹೂವಿನಲ್ಲಿರುತ್ತದೆ ಎಂಬುದು ಅವರ ಯೋಚನೆ.

ಅವರ ಬದುಕು ಮಾತ್ರ ಹೂವಿನಷ್ಟು ಹಗುರವಾಗಿರಲಿಲ್ಲ. ಜರ್ಮನಿಯಲ್ಲಿ ಹುಟ್ಟಿದ್ದೇ ಕಾರಣವಾಗಿ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೂ ಅವರು ಈ ಊರನ್ನು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವವರು ಮಕ್ಕಳಿಗೆ ಆ ಹೆಸರಿನ ಕಥೆ ಹೇಳಬೇಕು.

ಕೃಂಬಿಗಲ್ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ ಲಾಲ್‌ಬಾಗನ್ನೂ ನಾಡಿನ ತೋಟಗಾರಿಕೆಯನ್ನೂ ಬೆಳೆಸಿದರು. ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1980ರ ದಶಕದ ಆರಂಭದಲ್ಲಿ ಊರು ಕಾಂಕ್ರೀಟ್ ಕಾಡಾಗುತ್ತಿದೆ ಎಂಬ ಕೂಗೆದ್ದಾಗ, ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಹಸಿರು ಬೆಳೆಸುವ ಕೆಲಸ ಇವರ ಪಾಲಿಗೆ ಬಂತು. ಆ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ನೆಟ್ಟ ಸಸಿಗಳು ಸುಮಾರು 15 ಲಕ್ಷ. ನಾವಿಂದು ಚಿತ್ರ ತೆಗೆಯುವ ಎಷ್ಟೋ ಮರಗಳು ಆ ಸಸಿಗಳೇ. ನೇಗಿನಹಾಳರು 2021ರ ಮೇ ತಿಂಗಳಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಕೋವಿಡ್‌ಗೆ ಬಲಿಯಾದರು. ತಾವು ನೆಟ್ಟ ಬೀದಿಗಳು ಬಣ್ಣವಾಗುವುದನ್ನು ಕಣ್ತುಂಬ ನೋಡುವ ಭಾಗ್ಯ ಅವರಿಗಿತ್ತು. ಮರ ನೆಡುವ ಎಲ್ಲರಿಗೂ ಅದು ಸಿಗುವುದಿಲ್ಲ.

ಹೆಸರು ದಾಖಲಾಗದ ಸಾವಿರಾರು ಕೈಗಳೂ ಇವರ ಜೊತೆಗಿದ್ದವು. ತಲೆಮಾರುಗಳಿಂದ ಹೂ, ತರಕಾರಿ, ತೋಟವನ್ನೇ ನಂಬಿದ ತಿಗಳರಿಲ್ಲದೆ ಈ ಊರಿನ ಉದ್ಯಾನಗಳ ಇತಿಹಾಸವಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಹೊತ್ತು ಹೊರಡುವ ಕರಗವೂ ಅವರದೇ. ಪೇಟೆಯ ಬೀದಿಗಳೆಲ್ಲ ಆ ರಾತ್ರಿ ಮಲ್ಲಿಗೆಯ ವಾಸನೆ. ಬೆಂಗಳೂರಿನ ವಸಂತವನ್ನು ಮನೆಮಂದಿಗೆ ತೋರಿಸಬೇಕೆಂದಿದ್ದರೆ ಕರಗವನ್ನು ಬಿಟ್ಟರೆ ಅದು ಅರ್ಧ ವಸಂತ.

ಅದಕ್ಕೂ ಹಳೆಯ ಹೂವು

ಟಬೆಬುಯಾ ಕಣ್ಣು ಸೆಳೆಯುವ ಹೊತ್ತಿನಲ್ಲೇ ಇನ್ನೊಂದು ವಸಂತ ನಡೆಯುತ್ತಿರುತ್ತದೆ. ಇದರ ಚಿತ್ರ ಯಾರ ಮೊಬೈಲಿನಲ್ಲೂ ಅಷ್ಟಾಗಿ ಇರುವುದಿಲ್ಲ.

ಅದರ ನಾಯಕ ಹೊಂಗೆ. ಜನವರಿಯ ಕೊನೆಯಿಂದ ಎಲೆ ಹಣ್ಣಾಗಿ ಉದುರಿ, ಕೆಲ ದಿನ ಬೋಳಾಗಿ, ನೋಡನೋಡುತ್ತಲೇ ಎಣ್ಣೆ ಹಚ್ಚಿದಷ್ಟು ಹೊಳೆಯುವ ಚಿಗುರು ಬರುತ್ತದೆ. ಬೆಂಗಳೂರಿನಲ್ಲಿ ಅದಕ್ಕಿಂತ ಚೆಂದದ ಹಸಿರು ನನಗೆ ಗೊತ್ತಿಲ್ಲ. ಚಿಗುರಿನ ಹಿಂದೆಯೇ ತಿಳಿನೇರಳೆ ಬೆರೆತ ಬಿಳಿ ಹೂಗೊಂಚಲು. ಬಟಾಣಿ ಹೂವಿನ ಆಕಾರ, ಗಾತ್ರ ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು. ತಲೆಯೆತ್ತಿ ನೋಡಿದರೆ ಎಲೆಯ ನಡುವೆ ಕಾಣುವುದೇ ಇಲ್ಲ. ಕಿವಿಗೊಟ್ಟರೆ ಮರವಿಡೀ ಜೇನಿನ ಗುಂಯ್ ಎಂಬ ಸದ್ದು. ಕೆಳಗೆ ನೋಡಿದರೆ ನೆಲದ ತುಂಬ ಅರಳು ಚೆಲ್ಲಿದಂತೆ ಹೂವು.

ಬೇಂದ್ರೆಯವರ ಯುಗಾದಿ ಪದ್ಯದಲ್ಲಿ ಹೊಂಗೆಯ ಹೂವೂ ಇದೆ, ಅದರಲ್ಲಿ ಗುನುಗುವ ದುಂಬಿಯೂ ಇದೆ, ಬೇವೂ ಇದೆ, ಮಾವೂ ಇದೆ. ನಾಡಿನ ಮಕ್ಕಳೆಲ್ಲ ಶಾಲೆಯಲ್ಲಿ ಆ ಹಾಡು ಕಲಿತಿದ್ದಾರೆ. ಹಾಡಿನ ಹೊಂಗೆ ತಮ್ಮ ಶಾಲೆಯ ಕಾಂಪೌಂಡಿನ ಆಚೆಯೇ ನಿಂತಿದೆ ಎಂದು ಅವರಿಗೆ ತೋರಿಸಿಕೊಟ್ಟವರು ಎಷ್ಟು ಮಂದಿ?

ಹಳ್ಳಿಯಿಂದ ಬಂದ ತಾತನಿಗೆ ಹೊಂಗೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಗದ್ದೆಗೆ ಗೊಬ್ಬರವಾಗಿ ಹೊಂಗೆ ಸೊಪ್ಪು ತುಳಿದದ್ದು, ಬೀಜದಿಂದ ಎಣ್ಣೆ ತೆಗೆಸಿ ದೀಪ ಹಚ್ಚಿದ್ದು, ಹಿಂಡಿಯನ್ನು ತೋಟಕ್ಕೆ ಹಾಕಿದ್ದು ಅವರ ಕೈಗೆ ನೆನಪಿದೆ. ಸುಡು ಬಿಸಿಲಿನಲ್ಲಿ ಇದರ ನೆರಳು ತಂಪಾಗಿರುವುದಕ್ಕೆ ಕಾರಣವೂ ಆ ಚಿಗುರೇ. ಬೇರೆ ಮರಗಳು ಬೋಳಾಗಿರುವ ಮಾರ್ಚ್, ಏಪ್ರಿಲ್‌ನಲ್ಲಿ ಇದು ಹೊಸ ಎಲೆಯಿಂದ ತುಂಬಿಕೊಂಡಿರುತ್ತದೆ. ಹೂ ನೋಡಲು ಹೊರಟಾಗ ಮೊಮ್ಮಕ್ಕಳ ಕೈ ಹಿಡಿದು ತಾತ ಮೇಷ್ಟ್ರಾಗಬಹುದಾದ ಮರ ಇದು. ಟಬೆಬುಯಾದ ಮುಂದೆ ಅವರೂ ಮಕ್ಕಳಷ್ಟೇ ಹೊಸಬರು.

ಬೇವಿನ ಹೂವನ್ನು ನಾವು ನೋಡುವುದು ಕಡಿಮೆ, ತಿನ್ನುವುದೇ ಹೆಚ್ಚು. ಯುಗಾದಿಯ ಹಿಂದಿನ ಸಂಜೆ ಬಡಾವಣೆಯ ಬೇವಿನ ಮರದ ಕೆಳಗೆ ದೋಟಿ ಹಿಡಿದವರ ಗುಂಪು ಈಗಲೂ ಸೇರುತ್ತದೆ. ಪೇಟೆಯಲ್ಲಿ ಕಟ್ಟು ಸಿಗುತ್ತದಾದರೂ, ಒಂದು ಸಣ್ಣ ಗೊಂಚಲನ್ನು ಮಕ್ಕಳೇ ಕಿತ್ತು ತಂದು, ಎಳೆ ಬಿಳಿ ಹೂವನ್ನು ಬಿಡಿಸಿ ಬೆಲ್ಲಕ್ಕೆ ಬೆರೆಸಿದರೆ ಹಬ್ಬದ ರುಚಿಯೇ ಬೇರೆ. ಮಾವು ಆ ಹೊತ್ತಿಗೆ ಹೂ ಮುಗಿಸಿ ಮಿಡಿಗಟ್ಟಿರುತ್ತದೆ. ಹಳೆಯ ಮನೆಗಳ ಹಿತ್ತಿಲಿಲ್ಲದ ಈ ಊರಿನಲ್ಲಿ ಅದನ್ನು ನೋಡಲು ಲಾಲ್‌ಬಾಗೇ ಗತಿ.

ಇದೇ ತಿಂಗಳಲ್ಲಿ ಬೂರುಗದ ದಪ್ಪ ಕೆಂಪು ಹೂವಿಗೆ ಮೈನಾ, ಕಾಗೆಗಳ ಸಂತೆ ನೆರೆಯುತ್ತದೆ. ಊರಾಚೆ ಬನ್ನೇರುಘಟ್ಟದ ಕಡೆ ಹೋದರೆ ಕಾಡಿನ ಅಂಚಿನಲ್ಲಿ ಮುತ್ತುಗ ಕೇಸರಿಯಾಗಿ ಉರಿಯುತ್ತಿರುತ್ತದೆ. ಮದುವೆಯೂಟದ ಎಲೆಗೆ ಮುತ್ತುಗ ಕಂಡವರು ಅದರ ಹೂವನ್ನು ಒಮ್ಮೆ ನೋಡಬೇಕು.

ಹೊರನಾಡಿನ ಮರ, ಒಳನಾಡಿನ ಮರ ಎಂಬ ಜಗಳ ಇತ್ತೀಚೆಗೆ ಜೋರಾಗಿದೆ. ನಿಂತ ಟಬೆಬುಯಾವನ್ನು ದೂರುವುದರಲ್ಲಿ ಅರ್ಥವಿಲ್ಲ. ಮೇಫ್ಲವರ್ ಮಡಗಾಸ್ಕರ್‌ನದು, ಜಕರಂಡಾ ದಕ್ಷಿಣ ಅಮೆರಿಕದ್ದು, ಎರಡೂ ನಮ್ಮ ಬಾಲ್ಯದ ಭಾಗವಾಗಿಬಿಟ್ಟಿವೆ. ಆದರೆ ಹೊಸ ಸಸಿ ನೆಡುವಾಗ ವಾರದ ಬಣ್ಣವೊಂದನ್ನೇ ನೋಡಿ ಆರಿಸುವುದು ತಪ್ಪೆಂದು ನನಗನ್ನಿಸುತ್ತದೆ. ಹೊಂಗೆ, ಬೇವು, ನೇರಳೆ, ಮಹಾಗೊನಿ ನಿಲ್ಲಬಹುದಾದ ಅಗಲ ಜಾಗದಲ್ಲಿ ಚಿತ್ರಕ್ಕೆ ಚೆಂದವೆಂದು ಗಿಡ್ಡ ಹೂಮರ ಮಾತ್ರ ಬಂದರೆ ಏಪ್ರಿಲ್ ಬಿಸಿಲಿಗೆ ನೆರಳು ಎಲ್ಲಿಂದ ಬರಬೇಕು?

ಮನೆಮಂದಿಯೆಲ್ಲ ಹೊರಟರೆ

ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ನಾವೆಲ್ಲ ತಪ್ಪದೆ ಹೋಗುತ್ತೇವೆ, ಗಾಜಿನ ಮನೆಯೊಳಗೆ ಹೂವಿಗಿಂತ ಜನರನ್ನೇ ಹೆಚ್ಚು ನೋಡಿ ಬರುತ್ತೇವೆ. ಮರಗಳ ಪ್ರದರ್ಶನ ಶುರುವಾಗುವುದು ಆ ಗದ್ದಲ ಮುಗಿದ ಮೇಲೆ. ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಒಂದೇ ಜಾಗಕ್ಕೆ ಎರಡು ಸಲ ಹೋಗಿ. ಎರಡು ಸಲವೂ ಬೇರೆ ಊರನ್ನೇ ನೋಡಿದಂತಿರುತ್ತದೆ.

ಕಬ್ಬನ್ ಪಾರ್ಕ್ ಭಾನುವಾರ ವಾಹನಗಳಿಗೆ ಮುಚ್ಚಿರುವುದರಿಂದ ಚಿಕ್ಕಮಕ್ಕಳು, ವಯಸ್ಸಾದವರು ಇದ್ದವರಿಗೆ ಅದೇ ಒಳ್ಳೆಯದು. ಮಕ್ಕಳನ್ನು ರಸ್ತೆಯಲ್ಲೇ ಓಡಲು ಬಿಡಬಹುದು. ಲಾಲ್‌ಬಾಗಿನಲ್ಲಿ ಬಂಡೆಯ ಮೇಲೆ ಹತ್ತಿ ನಿಂತರೆ ತೋಟದ ತಲೆಯ ಮೇಲಿನಿಂದ ಎಲ್ಲೆಲ್ಲಿ ಬಣ್ಣವಿದೆ ಎಂದು ಮೊದಲೇ ನೋಡಿಕೊಂಡು ಆಮೇಲೆ ಇಳಿದು ಹುಡುಕಬಹುದು. ಕಾಲಕೆಳಗಿನ ಆ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಅಜ್ಜ ಅಜ್ಜಿಯರಿಗೆ ಬಂಡೆ ಹತ್ತುವುದು ಕಷ್ಟವಾದರೆ ಕೆರೆಯ ದಂಡೆಯ ದಾರಿ ಸಮತಟ್ಟಾಗಿದೆ. ಪೂರ್ವದಲ್ಲಿರುವವರು ವೈಟ್‌ಫೀಲ್ಡ್ ದಾರಿಯ ಎಇಸಿಎಸ್ ಬಡಾವಣೆಯ ಗುಲಾಬಿ ಸಾಲಿಗೆ ಹೋಗುತ್ತಾರೆ. ಅಲ್ಲಿ ಜನ ಬಹಳ. ವಾಹನ ಓಡಾಡುವ ರಸ್ತೆಯ ನಡುವೆ ಮಗುವನ್ನು ನಿಲ್ಲಿಸಿ ಚಿತ್ರ ತೆಗೆಯುವವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ.

ನಡೆಯಲಾಗದ ಹಿರಿಯರಿದ್ದರೆ ಮೆಟ್ರೋ ಹತ್ತಿಸಿ. ನೇರಳೆ ಮಾರ್ಗದಲ್ಲಿ ಇಂದಿರಾನಗರದಿಂದ ಎಂ.ಜಿ. ರಸ್ತೆಯವರೆಗೆ, ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜಿನಿಂದ ಲಾಲ್‌ಬಾಗ್, ಸೌತ್ ಎಂಡ್ ವೃತ್ತ ದಾಟಿ ಜಯನಗರದವರೆಗೆ ರೈಲು ಮರಗಳ ನೆತ್ತಿಯ ಎತ್ತರದಲ್ಲಿ ಹೋಗುತ್ತದೆ. ಕೆಳಗಿನಿಂದ ಕಾಣದ ಹೂವಿನ ಮೇಲುಹಾಸು ಕಿಟಕಿಯಿಂದ ಕಾಣುತ್ತದೆ. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಇದೇ ಮಾರ್ಗಗಳಿಗಾಗಿ ಎಂ.ಜಿ. ರಸ್ತೆಯ ಸಾಲಿನಲ್ಲೂ ಜಯನಗರದ ಲಕ್ಷ್ಮಣರಾವ್ ಉದ್ಯಾನದಲ್ಲೂ ದೊಡ್ಡ ಮರಗಳು ಬಿದ್ದವು. ಆಗ ಆ ಮರಗಳ ಕೆಳಗೆ ಕೂತು ಪ್ರತಿಭಟಿಸಿದವರು ಇಂದು ಅದೇ ರೈಲಿನಲ್ಲಿ ಓಡಾಡುತ್ತಾರೆ, ಆ ಸಂಕಟ ಅವರಿಗೆ ಮರೆತಿಲ್ಲ.

ಮರ ಗುರುತಿಸಲು ಜೊತೆಗೆ ಗೊತ್ತಿದ್ದವರು ಬೇಕೆಂದರೆ, 2014ರಿಂದ ಊರಿನ ಮರಪ್ರೇಮಿಗಳೇ ಸೇರಿ ನಡೆಸಿಕೊಂಡು ಬಂದ 'ನೆರಳು' ಎಂಬ ಮರಗಳ ಹಬ್ಬವಿದೆ. ಅದರಲ್ಲಿ ಮರ ತೋರಿಸುತ್ತ ನಡೆಸಿಕೊಂಡು ಹೋಗುವ ನಡಿಗೆಗಳಿರುತ್ತವೆ.

ನೆರಳಿನ ಲೆಕ್ಕ

ಹೂವು ಕೆಲವೇ ವಾರ. ಉಳಿದ ವರ್ಷವೆಲ್ಲ ಇದೇ ಮರಗಳು ಮಾಡುವ ಕೆಲಸವನ್ನು ಅಳೆದು ನೋಡಿದವರಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಮರಸಾಲಿರುವ ಮತ್ತು ಮರವಿಲ್ಲದ ರಸ್ತೆ ತುಂಡುಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಾಹ್ನದ ಗಾಳಿಯ ಬಿಸಿ ಮರಗಳ ಕೆಳಗೆ 5.6 ಡಿಗ್ರಿವರೆಗೆ ಕಡಿಮೆ. ಡಾಂಬರಿನ ಮೇಲ್ಮೈಯಂತೂ 27.5 ಡಿಗ್ರಿವರೆಗೆ ತಂಪು. ಆ ರಸ್ತೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ದಿನವಿಡೀ ನಿಲ್ಲುವ ಸೊಪ್ಪಿನವರಿಗೆ, ಹೂ ಕಟ್ಟುವ ಹೆಂಗಸಿಗೆ, ಇಸ್ತ್ರಿ ಮಾಡುವವರಿಗೆ ಈ ಅಂಕಿಯ ಅರ್ಥ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರು ಗಾಡಿ ನಿಲ್ಲಿಸುವ ಜಾಗ ನೋಡಿದರೆ ಸಾಕು.

ಅದಕ್ಕೆ ಮೊದಲು, 2010ರಲ್ಲಿ, ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಊರಿನ ಬೀದಿಮರಗಳನ್ನು ಲೆಕ್ಕಹಾಕಿದ್ದರು. ಅಗಲ ರಸ್ತೆಗಳಲ್ಲಿ ದೊಡ್ಡ ಹರವಿನ ಹಳೆಯ ಮರಗಳಿವೆ, ರಸ್ತೆ ಅಗಲಿಸುವಾಗ ಮೊದಲು ಬೀಳುವುದೂ ಅವೇ. ಕಿರಿದಾದ ರಸ್ತೆಗಳಲ್ಲಿ ಮರಗಳೂ ಕಡಿಮೆ, ಜಾತಿಗಳೂ ಗಿಡ್ಡ ಎಂದು ಅವರು ಕಂಡುಕೊಂಡರು. ಅಂದರೆ ಕಳೆದುಕೊಳ್ಳುತ್ತಿರುವುದೂ ನೆಡುತ್ತಿರುವುದೂ ಸಮ ಅಲ್ಲ.

ಕಳೆದುಕೊಳ್ಳದಂತೆ ಊರು ತಡೆದದ್ದೂ ಉಂಟು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯಬೇಕೆಂದಾಗ, ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರೂ ಇದ್ದರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಕಾನೂನೂ ಇದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ನಮ್ಮದೇ ಸೈಟಿನ ಮರವಾದರೂ. ಹೆಚ್ಚು ಮರಗಳ ವಿಷಯ ಬಂದಾಗ ಸಾರ್ವಜನಿಕರ ಆಕ್ಷೇಪ ಕೇಳಿ ಪ್ರಕಟಣೆ ಹೊರಡುತ್ತದೆ. ಆ ಪ್ರಕಟಣೆಯನ್ನು ಓದಿ ಒಂದು ಪತ್ರ ಬರೆಯುವವರು ಬೆರಳೆಣಿಕೆ.

ಕೊಡಲಿ ಬೀಳದೆಯೂ ಮರ ಸಾಯುತ್ತದೆ. ಕಾಲುದಾರಿಯ ಕಲ್ಲುಹಾಸನ್ನು ಬುಡಕ್ಕೆ ಒತ್ತಿ ಸಿಮೆಂಟ್ ಮೆತ್ತಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಚರಂಡಿಗೋ ಕೇಬಲ್ಲಿಗೋ ಅಗೆಯುವಾಗ ಒಂದು ಪಕ್ಕದ ಬೇರು ಕತ್ತರಿಸಿದ ಮರವೇ ಮೇ ತಿಂಗಳ ಗಾಳಿಮಳೆಗೆ ಉರುಳುವುದು. ಬಿದ್ದ ಮರದ ಬುಡವನ್ನು ಒಮ್ಮೆ ನೋಡಿ, ತಪ್ಪು ಮರದ್ದೋ ಅಗೆದವರದ್ದೋ ಗೊತ್ತಾಗುತ್ತದೆ. ನಿಮ್ಮ ಮನೆ ಮುಂದಿನ ಮರದ ಬುಡದಲ್ಲಿ ಒಂದು ಮೊಳ ಮಣ್ಣು ಬಿಡಿಸುವುದು, ಬೋರ್ಡು ಹೊಡೆದ ಮೊಳೆ ಕೀಳಿಸುವುದು ಒಂದು ಭಾನುವಾರದ ಕೆಲಸ.

ವಾರಕ್ಕೊಮ್ಮೆ ಒಂದು ಮರ

ಹೂವು ಈಗೀಗ ಬೇಗ ಬರುತ್ತಿದೆ, ತಡವಾಗುತ್ತಿದೆ ಎಂದು ಪ್ರತಿ ವರ್ಷ ಮಾತು ಕೇಳುತ್ತೇವೆ. ಇದನ್ನು ನೆನಪಿನಿಂದ ತೀರ್ಮಾನಿಸಲಾಗದು, ಬರೆದಿಟ್ಟ ಲೆಕ್ಕ ಬೇಕು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಅರಳಿದ ದಿನಗಳ ದಾಖಲೆ ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಅದನ್ನಿಟ್ಟುಕೊಂಡೇ ಅಲ್ಲಿ ವಸಂತ ಮುಂಚಿತವಾಗುತ್ತಿದೆ ಎಂದು ಹೇಳಲಾಗುತ್ತಿದೆ. ನಮ್ಮ ಹೊಂಗೆಗೆ, ಕಕ್ಕೆಗೆ ಅಂಥ ದಾಖಲೆ ಈಗಷ್ಟೇ ಬೆಳೆಯುತ್ತಿದೆ.

ಅದನ್ನು ಬೆಳೆಸುತ್ತಿರುವುದು 'ಸೀಸನ್‌ವಾಚ್' ಎಂಬ ಯೋಜನೆ. ದೇಶದಾದ್ಯಂತ ಶಾಲಾ ಮಕ್ಕಳೂ ಸಾಮಾನ್ಯರೂ ಇದರಲ್ಲಿ ಪಾಲ್ಗೊಂಡಿದ್ದಾರೆ. ಮಾಡಬೇಕಾದದ್ದು ಇಷ್ಟೇ: ಮನೆಯ ಹತ್ತಿರದ ಒಂದು ಮರ ಆರಿಸಿಕೊಳ್ಳಬೇಕು, ವಾರಕ್ಕೊಮ್ಮೆ ಅದರ ಮುಂದೆ ನಿಂತು ಚಿಗುರಿದೆಯೇ, ಮೊಗ್ಗಿದೆಯೇ, ಅರಳಿದೆಯೇ, ಕಾಯಿದೆಯೇ, ಇದ್ದರೆ ಸ್ವಲ್ಪವೇ ಬಹಳವೇ ಎಂದು ಗುರುತು ಹಾಕಬೇಕು. ಐದು ನಿಮಿಷದ ಕೆಲಸ. ಓದಲು ಬಾರದ ಮಗುವೂ ನೋಡಿ ಹೇಳಬಹುದು, ಅಕ್ಕನೋ ಅಣ್ಣನೋ ಬರೆದುಕೊಂಡರಾಯಿತು.

ಹೊಂಗೆ, ಹುಣಸೆ, ಮಾವು, ಕಕ್ಕೆ ಆ ಪಟ್ಟಿಯಲ್ಲಿವೆ. ಬೆಂಗಳೂರಿನಲ್ಲಿ ಶುರು ಮಾಡುವವರಿಗೆ ಹೊಂಗೆಯೇ ಸುಲಭ, ಹೊಂಗೆಯಿಲ್ಲದ ಬಡಾವಣೆ ಹುಡುಕುವುದೇ ಕಷ್ಟ. ಮಾರ್ಚ್ ಬಂತೆಂದರೆ ಮಕ್ಕಳಿಗೆ ಪರೀಕ್ಷೆಯ ಗಡಿಬಿಡಿ. ಹೊಂಗೆ ಎಲೆ ಉದುರಿಸಲು ತೊಡಗುವುದು ಅದಕ್ಕೂ ಮುಂಚೆ. ಹಾಗಾಗಿ ಮರವನ್ನು ಜನವರಿಯಲ್ಲೇ, ಹಳೆಯ ಎಲೆ ಇನ್ನೂ ಕೊಂಬೆಯಲ್ಲಿರುವಾಗಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.